ಪುಟ್ಟತಾಯಮ್ಮ ಕೊಟ್ಟ ದೂರು

ಮೊಮ್ಮಗಳ ಗುರುತೇ ಇಲ್ಲದವರ ಹಾಗೆ ಇರುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಪುಟ್ಟತಾಯಮ್ಮನವರಿಗೆ ವಿಮಾನ ಹತ್ತಲು ಅಪ್ಪಣೆ ಸಿಕ್ಕಿದ್ದು. ಎಪ್ಪತ್ತೊಂದು ವರ್ಷದ ಹೆಂಗಸು, ಮೊದಲ ಸಲದ ವಿಮಾನ, ಅದರಲ್ಲೂ ಕೈಯಾರೆ ಸಾಕಿ ಬೆಳೆಸಿದ ಮೊಮ್ಮಗಳೇ ಗಗನಸಖಿಯಾಗಿ ನಿಂತಿರುವ ವಿಮಾನ. ಅಂಥದರಲ್ಲಿ "ಇವಳು ನಮ್ಮ ಹುಡುಗಿ" ಎಂದು ಪಕ್ಕದವರ ಕಿವಿಯಲ್ಲೂ ಹೇಳಬಾರದು ಎಂದರೆ ಅದೆಂಥ ಶಿಕ್ಷೆ, ನೀವೇ ಹೇಳಿ.

ಆದದ್ದು ಇಷ್ಟು. ಮೈಸೂರಿನಲ್ಲಿರುವ ಅಕ್ಕನ ಮರಿಮಗುವಿಗೆ ನಾಮಕರಣ. ಮಂಡಿನೋವು ಇಟ್ಟುಕೊಂಡು ರೈಲಿನಲ್ಲಿ ಅಷ್ಟು ಹೊತ್ತು ಕೂರಲಾರೆ ಎಂದದ್ದಕ್ಕೆ ಮಗ ಪದ್ಮನಾಭ ತಿಂಗಳ ಹಿಂದೆಯೇ ಚೆನ್ನೈನಿಂದ ಮೈಸೂರಿಗೆ ವಿಮಾನದ ಟಿಕೆಟ್ ಮಾಡಿಸಿದ್ದ. ಅವನು ಎಗ್ಮೋರಿನ ಒಂದು ಬ್ಯಾಂಕಿನಲ್ಲಿ ಆಫೀಸರು. ಅವನಿಗೆ ರಜೆ ಇಲ್ಲ, ಅಮ್ಮ ಒಬ್ಬರೇ ಹೋಗಬೇಕು. ಹೊರಡುವ ಹಿಂದಿನ ದಿನ ಸಂಜೆ ಅವನ ಮಗಳು ಮೌನಳ ಮೊಬೈಲಿಗೆ ಡ್ಯೂಟಿ ಪಟ್ಟಿ ಬಂತು. ನೋಡಿದರೆ ಅದೇ ವಿಮಾನ! ಸಾಲದ್ದಕ್ಕೆ ಅದೇ ವಿಮಾನದಲ್ಲಿ ಅವಳ ಪರೀಕ್ಷೆ ಬೇರೆ.

ಪರೀಕ್ಷೆ ಎಂದರೆ ಪೆನ್ನು ಕಾಗದದ್ದಲ್ಲ. ಕೆಲಸ ಕಲಿಯುತ್ತಿರುವ ಗಗನಸಖಿ ನಿಜವಾದ ವಿಮಾನದಲ್ಲಿ ನಿಜವಾದ ಪ್ರಯಾಣಿಕರನ್ನು ಹೇಗೆ ನಿಭಾಯಿಸುತ್ತಾಳೆ ಎಂಬುದನ್ನು ಹಿರಿಯ ಅಧಿಕಾರಿಯೊಬ್ಬರು ಪ್ರಯಾಣಿಕರ ನಡುವೆಯೇ ಕೂತು ನೋಡುತ್ತಾರೆ. ಪಾಸಾದರೆ ಎದೆಯ ಮೇಲೆ ರೆಕ್ಕೆಯ ಬಿಲ್ಲೆ. ಮೌನ ಆಗಲೇ ಒಂದು ಸಲ ಫೇಲಾಗಿದ್ದಳು. ಕೊಯಮತ್ತೂರಿನ ವಿಮಾನದಲ್ಲಿ ದಪ್ಪ ಮೀಸೆಯ ಮಹಾಶಯರೊಬ್ಬರು ವಿಮಾನ ಓಡತೊಡಗಿದರೂ ಫೋನಿನಲ್ಲಿ ಸೈಟು ವ್ಯಾಪಾರ ಮಾಡುತ್ತಿದ್ದರಂತೆ. ಇವಳು "ಸಾರ್, ಪ್ಲೀಸ್" ಎಂದಳು. ಅವರು ಅಂಗೈ ತೋರಿಸಿ ತಡಿ ಎಂದರು. ಇವಳು ಇನ್ನೊಂದು ಸಲ "ಸಾರ್, ಪ್ಲೀಸ್" ಎಂದು ಹಲ್ಲು ಕಿರಿದು ವಾಪಸು ಬಂದುಬಿಟ್ಟಳು. ಪರೀಕ್ಷೆ ಮಾಡಲು ಬಂದಿದ್ದ ಗುಣವತಿ ಮೇಡಂ ವರದಿಯಲ್ಲಿ ಒಂದೇ ಸಾಲು ಬರೆದರು: ಈ ಹುಡುಗಿಗೆ ಬೇಡ ಅನ್ನಲು ಬರುವುದಿಲ್ಲ. ಇನ್ನು ಉಳಿದದ್ದು ಒಂದೇ ಅವಕಾಶ. ನಾಳೆಯೂ ಅದೇ ಗುಣವತಿ ಮೇಡಂ. ನಾಳೆಯೂ ಫೇಲಾದರೆ ಯೂನಿಫಾರಂ ಒಗೆದು ಇಸ್ತ್ರಿ ಮಾಡಿ ಕಂಪನಿಗೆ ವಾಪಸು ಕೊಟ್ಟು ಬರಬೇಕು.

"ಅಜ್ಜಿ, ನಿನ್ ದಮ್ಮಯ್ಯ ಅಂತೀನಿ. ನೀನು ನನ್ನಜ್ಜಿ ಅಂತ ಗೊತ್ತಾದ್ರೆ ಮೇಡಂ, ಮನೆಯೋರನ್ನ ಕೂರಿಸ್ಕೊಂಡು ಪರೀಕ್ಷೆ ಬರೀತಿದ್ದಾಳೆ ಅನ್ಕೋತಾರೆ. ನೀನ್ಯಾರೋ, ನಾನ್ಯಾರೋ. ಸರಿನಾ?" ಎಂದಳು ಮೌನ.

"ಆಯ್ತು ಬುಡವ್ವ. ನಾನೇನ್ ಚಿಕ್ ಮಗೂನಾ? ನಿನ್ ಮುಖಾನೇ ನೋಡಲ್ಲ, ಕಿಟಕಿ ಕಡೆ ತಿರುಕ್ಕೊಂಡು ಕುಂತಿರ್ತೀನಿ."

"ಮತ್ತೆ ನಿನ್ ಫೋನು?"

"ಅದರ ಕತ್ತು ಹಿಸುಕಿ ಸಂಚಿಗೆ ತುರುಕ್ತೀನಿ, ಬುಡು."

ಮೌನ ನಕ್ಕು ಯೂನಿಫಾರಂ ಇಸ್ತ್ರಿ ಮಾಡಲು ಒಳಗೆ ಹೋದಳು. ಪುಟ್ಟತಾಯಮ್ಮನಿಗೆ ಮಾತ್ರ ಆ ಒಂದು ಸಾಲು ಎದೆಯಲ್ಲೇ ಚುಚ್ಚುತ್ತ ಕೂತಿತು. ಬೇಡ ಅನ್ನಲು ಬರುವುದಿಲ್ಲವಂತೆ! ಹೇಗೆ ಬಂದೀತು? ಬಾರದ ಹಾಗೆ ನೋಡಿಕೊಂಡವರು ಯಾರು? ಆ ಮನೆಯಲ್ಲಿ ಅಕ್ಕಿ ಡಬ್ಬ ಖಾಲಿಯಾದರೆ "ಇಲ್ಲ" ಎನ್ನಬಾರದು, "ತುಂಬಿದೆ" ಎನ್ನಬೇಕು. ಅರಿಶಿನ ಮುಗಿದರೆ "ಹೆಚ್ಚಿದೆ" ಎನ್ನಬೇಕು. ಬಡಿಸಲು ಬಂದವರಿಗೆ "ಬೇಡ" ಎನ್ನಬಾರದು, ಎರಡೂ ಕೈ ಎಲೆಗೆ ಅಡ್ಡ ಹಿಡಿದು "ಸಾಕು" ಎನ್ನಬೇಕು. ದೊಡ್ಡವರು ಏನೇ ಹೇಳಲಿ, ಮೊದಲು "ಆಯ್ತು", ಮಿಕ್ಕದ್ದು ಆಮೇಲೆ. ಐದು ವರ್ಷದ ಮೌನ ಯಾವುದಕ್ಕೋ ಹಟ ಹಿಡಿದು "ಬೇಡ ಹೋಗು" ಎಂದಾಗ ಬಾಯಿಗೆ ಮೆಣಸಿನಕಾಯಿ ಮುಟ್ಟಿಸುತ್ತೇನೆ ಎಂದು ಹೆದರಿಸಿದವರೂ ಇದೇ ಪುಟ್ಟತಾಯಮ್ಮ. ಎಂಟು ವರ್ಷದ ಹಿಂದೆ ಮಂಡ್ಯ ಬಿಟ್ಟು ಚೆನ್ನೈನ ವಡಪಳನಿಗೆ ಬಂದಾಗ ಅರ್ಧ ಸಾಮಾನು ಅಲ್ಲೇ ಬಿಟ್ಟು ಬಂದರು, ಈ ಪಾಠ ಮಾತ್ರ ಹೊತ್ತು ತಂದರು. ಈಗ ಅದೇ ಮಗುವಿನ ಅನ್ನಕ್ಕೆ ಕಲ್ಲಾಯಿತಲ್ಲ ಎಂದು ಅವರಿಗೆ ಸಂಕಟವಾಯಿತು.

ಬೆಳಿಗ್ಗೆ ಐದಕ್ಕೇ ಎದ್ದು, ಸ್ನಾನ ಮಾಡಿ, ಕಾಫಿ ಕುಡಿದು, ಪ್ರೆಷರ್ ಮಾತ್ರೆಯನ್ನೂ ಅವಸರದಲ್ಲಿ ನುಂಗಿ, ಹಸಿರು ರೇಷ್ಮೆ ಸೀರೆಯುಟ್ಟು ಅವರು ತಯಾರಾದರು. ಮೌನ ಆಗಲೇ ಕಂಪನಿಯ ಕ್ಯಾಬಿನಲ್ಲಿ ಹೋಗಿಯಾಗಿತ್ತು. ಪದ್ಮನಾಭ ಅಮ್ಮನನ್ನು ಮೀನಂಬಾಕ್ಕಂ ವಿಮಾನ ನಿಲ್ದಾಣದವರೆಗೆ ಬಿಟ್ಟು ಬಂದ. ತಪಾಸಣೆಯಲ್ಲಿ ಎಲೆಅಡಿಕೆ ಸಂಚಿಯೊಳಗಿನ ಅಡಕತ್ತರಿಯನ್ನು ಕಿತ್ತುಕೊಂಡರು. "ಅಡಿಕೆ ಕತ್ತರಿಸೋಕೆ ಕಣಪ್ಪ, ಇಮಾನ ಕತ್ತರಿಸೋಕಲ್ಲ" ಎಂದು ಎಷ್ಟು ಹೇಳಿದರೂ ಆ ಪೊಲೀಸಿನವನು ಕೇಳಲಿಲ್ಲ. ಹೋಗಲಿ ಬಿಡು, ಇವತ್ತು ಯಾರ ಮೇಲೂ ಸಿಟ್ಟು ಮಾಡಬಾರದು ಎಂದುಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತು ಫೋನನ್ನು ಆಫ್ ಮಾಡಿದರು. ಗುಂಡಿಯ ಹಳೇ ಫೋನು, ಹಿಂದಿನ ಮುಚ್ಚಳ ಬೀಳದಿರಲು ರಬ್ಬರ್ ಬ್ಯಾಂಡು. ಪರದೆ ಕಪ್ಪಾದದ್ದನ್ನು ಎರಡು ಸಲ ನೋಡಿಕೊಂಡು, ಕರ್ಚೀಫಿನಲ್ಲಿ ಸುತ್ತಿ, ಸಂಚಿಯ ತಳಕ್ಕೆ ಹಾಕಿ, ದಾರ ಬಿಗಿದು ಗಂಟು ಹಾಕಿದರು. ಇಡೀ ವಿಮಾನದಲ್ಲಿ ನನ್ನಷ್ಟು ಶಿಸ್ತಿನ ಪ್ರಯಾಣಿಕಳು ಇನ್ನೊಬ್ಬಳಿರಬಾರದು ಎಂಬುದು ಅವರ ಹಟ.

ಬಸ್ಸಿನಲ್ಲಿ ಕರೆದುಕೊಂಡು ಹೋಗಿ ವಿಮಾನದ ಬುಡದಲ್ಲಿ ಇಳಿಸಿದರು. ಚಿಕ್ಕ ವಿಮಾನ, ರೆಕ್ಕೆಗೊಂದು ದೊಡ್ಡ ಫ್ಯಾನು. ಮೆಟ್ಟಿಲ ಮೇಲೆ ಬಾಗಿಲಲ್ಲೇ ಮೌನ ನಿಂತಿದ್ದಳು. ತುರುಬು, ತುಟಿಗೆ ಬಣ್ಣ, ಕತ್ತಿಗೆ ನೀಲಿ ಸ್ಕಾರ್ಫು. ಮಗು ಹೀಗೂ ಕಾಣುತ್ತದೆಯೇ ಎಂದು ಪುಟ್ಟತಾಯಮ್ಮ ಮೆಟ್ಟಿಲ ಮೇಲೆಯೇ ನಿಂತು ನೋಡಿದರು.

"ಗುಡ್ ಮಾರ್ನಿಂಗ್ ಮ್ಯಾಮ್, ವೆಲ್ಕಮ್" ಎಂದಳು ಮೌನ, ಕೈ ಜೋಡಿಸಿ.

"ಹೂಂ ಹೂಂ" ಎಂದು ಪುಟ್ಟತಾಯಮ್ಮ ಪರಮ ಅಪರಿಚಿತರ ಹಾಗೆ ಮುಖ ತಿರುಗಿಸಿದರು. ತಿರುಗಿಸಿದ ರಭಸಕ್ಕೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು. ಮೌನಳ ಬಾಯಿಂದ "ಅಜ್…" ಎಂದು ಹೊರಟದ್ದು "ಅಜಸ್ಟ್ ಮಾಡ್ಕೊಳ್ಳಿ ಮ್ಯಾಮ್" ಎಂದು ಹೇಗೋ ಮುಗಿಯಿತು.

ಕಿಟಕಿ ಸೀಟು ಸಿಗಲಿಲ್ಲ. ಹಿಂದಿನಿಂದ ಮೂರನೆಯ ಸಾಲು, ದಾರಿಯ ಪಕ್ಕದ ಸೀಟು. ಕಿಟಕಿಯ ಬಳಿ ವೀಕ್ಷಾ ಎಂಬ ಹುಡುಗಿ ಕೂತಿದ್ದಳು. ಶೋಳಿಂಗನಲ್ಲೂರಿನಲ್ಲಿ ಕಂಪ್ಯೂಟರ್ ಕೆಲಸ. ಅಪ್ಪ ಅಮ್ಮ ಮೈಸೂರಿನವರಾದರೂ ಓದಿ ಬೆಳೆದದ್ದೆಲ್ಲ ಚೆನ್ನೈ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ದಾರಿಯ ಆಚೆ, ಒಂದು ಸಾಲು ಹಿಂದೆ, ಅರ್ಧ ನರೆತ ಕೂದಲಿನ, ಕನ್ನಡಕದ ಹೆಂಗಸೊಬ್ಬರು ತೊಡೆಯ ಮೇಲೆ ಸಣ್ಣ ಪುಸ್ತಕ ಇಟ್ಟುಕೊಂಡು ಕೂತಿದ್ದರು. ಇವರೇ ಗುಣವತಿ ಮೇಡಂ ಎಂದು ಪುಟ್ಟತಾಯಮ್ಮನಿಗೆ ನೋಡಿದ ತಕ್ಷಣ ತಿಳಿಯಿತು. ನಕ್ಕೂ ನಗದ ಮುಖ.

ಬಾಗಿಲು ಹಾಕಿದರು. ಮೌನ ದಾರಿಯ ನಡುವೆ ನಿಂತು ಬೆಲ್ಟು ಹಾಕುವ ಬಗೆ, ಗಾಳಿಯ ಮುಖವಾಡ ಕಟ್ಟಿಕೊಳ್ಳುವ ಬಗೆ ತೋರಿಸಿದಳು. ಅಕ್ಕಪಕ್ಕದವರು ನೋಡಿದರೋ ಇಲ್ಲವೋ, ಪುಟ್ಟತಾಯಮ್ಮ ಕಣ್ಣು ಮಿಟುಕಿಸದೆ ನೋಡಿದರು. ಒಳಗೆ ಉಕ್ಕಿ ಬಂದದ್ದನ್ನು ಎಷ್ಟು ಹೊತ್ತು ತಡೆದಾರು?

"ಯಾರ್ ಮನೆ ಹೆಣ್ಣೋ ಏನೋ, ನಂಗೇನ್ ಗೊತ್ತು? ಆದ್ರೂ ಎಷ್ಟ್ ಲಕ್ಷಣವಾಗೈತೆ ನೋಡು ಮಗಾ. ಆ ನಿಲುವು ನೋಡು! ಹೆತ್ತೋರ ಪುಣ್ಯ. ಸಾಕಿದ ಅಜ್ಜಿ ಪುಣ್ಯ ಇನ್ನೂ ದೊಡ್ಡದು" ಎಂದು ವೀಕ್ಷಾಳಿಗೆ ಹೇಳಿದರು. ಹೇಳಿದ್ದು ನಾಲ್ಕು ಸಾಲಿಗೆ ಕೇಳಿಸಿತು.

"ಪಾಟಿ ವಳತ್ತದು ಉಂಗಳುಕ್ಕು ಎಪ್ಪಡಿ ತೆರಿಯುಂ ಪಾಟಿ?" ಎಂದು ವೀಕ್ಷಾ ಕೇಳಿದಳು. ಅಜ್ಜಿ ಸಾಕಿದ್ದು ನಿಮಗೆ ಹೇಗೆ ಗೊತ್ತು ಅಜ್ಜಿ ಎಂದು.

"ಮುಖ ನೋಡಿದ್ರೆ ಗೊತ್ತಾಗಲ್ವಾ!"

ಮೌನಳ ಕಿವಿ ಕೆಂಪಾದವು. ಅವಳು ಫೋನುಗಳನ್ನು ನೋಡುತ್ತ ಸಾಲು ಸಾಲಾಗಿ ಬಂದಳು. ಆಫ್ ಮಾಡಿ, ಇಲ್ಲವೇ ಫ್ಲೈಟ್ ಮೋಡ್‌ಗೆ ಹಾಕಿ ಎಂದಳು. ಎಲ್ಲರೂ ಹಾಕಿಯೇ ಇದ್ದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದವನೊಬ್ಬ ಅವಳು ಕೇಳುವ ಮೊದಲೇ ತೆಗೆದ. ಅಯ್ಯೋ, ಇವತ್ತು ಎಲ್ಲರೂ ಒಳ್ಳೆಯವರೇ ಆಗಿಬಿಟ್ಟರಲ್ಲ ಎಂದು ಪುಟ್ಟತಾಯಮ್ಮನಿಗೆ ಕಳವಳ. ಒಬ್ಬನಾದರೂ ತಕರಾರು ಮಾಡದಿದ್ದರೆ ಮಗು ಬೇಡ ಎನ್ನುವುದು ಯಾರಿಗೆ, ಮೇಡಂ ನೋಡುವುದು ಏನನ್ನು? ಹಿಂದೆ ತಿರುಗಿ ಕಳ್ಳಗಣ್ಣಿನಲ್ಲಿ ನೋಡಿದರೆ ಗುಣವತಿ ಮೇಡಮ್ಮಿನ ಪುಸ್ತಕದ ಹಾಳೆ ಖಾಲಿಯೇ ಇತ್ತು.

ಫ್ಯಾನುಗಳು ತಿರುಗಿದವು. ವಿಮಾನ ಮೆಲ್ಲಗೆ ಉರುಳಲು ಶುರುವಾಯಿತು. ಆಗ ಸರಿಯಾಗಿ ಎಂಟು ಗಂಟೆ.

"ಅಜ್ಜೀ! ಮಾತ್ರೇ! ಪ್ರೆಷರ್ ಮಾತ್ರೆ ತಗೋ ಅಜ್ಜೀ! ನುಂಗಿದ್ಯಾ? ನೀರು ಕುಡೀ! ಅಜ್ಜೀ!"

ಮೌನಳ ಧ್ವನಿ. ಆದರೆ ಮೌನ ಬಾಯಿ ಮುಚ್ಚಿಕೊಂಡು ಹಿಂದಿನ ತನ್ನ ಸೀಟಿನ ಹತ್ತಿರ ನಿಂತಿದ್ದಾಳೆ. ಧ್ವನಿ ಬರುತ್ತಿರುವುದು ಪುಟ್ಟತಾಯಮ್ಮನ ಸಂಚಿಯಿಂದ! ಕಾಲೇಜಿನಲ್ಲಿದ್ದಾಗ, ಅಜ್ಜಿ ಮಾತ್ರೆ ಮರೆಯುತ್ತಾರೆಂದು ಮೌನಳೇ ಕೂಗಿ ರೆಕಾರ್ಡ್ ಮಾಡಿ ಬೆಳಗಿನ ಎಂಟಕ್ಕೆ ಅಲಾರಂ ಇಟ್ಟಿದ್ದು ಅದು. ಆಫ್ ಮಾಡಿದ ಫೋನು ಕೂಗುವುದು ಹೇಗೆ ಎಂದರೆ, ಆ ಹಳೇ ಫೋನಿನ ಜಾತಿಯೇ ಹಾಗೆ. ಆಫ್ ಆಗಿದ್ದರೂ ಅಲಾರಮ್ಮಿನ ಹೊತ್ತಿಗೆ ತಾನಾಗಿ ಎದ್ದು ಕೂರುತ್ತದೆ. ಮನೆಯಲ್ಲಿ ಫೋನನ್ನು ಆಫ್ ಮಾಡುವ ರೂಢಿಯೇ ಇಲ್ಲದ್ದರಿಂದ ಇದು ಅಜ್ಜಿಗೂ ಗೊತ್ತಿರಲಿಲ್ಲ, ಮೊಮ್ಮಗಳಿಗೂ ಗೊತ್ತಿರಲಿಲ್ಲ.

ಅಷ್ಟು ಜನವೂ ಕತ್ತು ಹೊರಳಿಸಿ ನೋಡಿದರು. ಪುಟ್ಟತಾಯಮ್ಮ ಗಂಟು ಬಿಚ್ಚಲು ಹೋದರು. ತಾವೇ ಬಿಗಿದ ಗಂಟು, ಸುಲಭಕ್ಕೆ ಬಿಚ್ಚೀತೇ? ಹಲ್ಲು ಹಾಕಿ ಎಳೆದರು. ವೀಳ್ಯದೆಲೆ, ಸುಣ್ಣದ ಡಬ್ಬಿ, ಚಿಲ್ಲರೆ ಕಾಸು ಎಲ್ಲ ಚೆಲ್ಲಾಪಿಲ್ಲಿಯಾಗಿ ಫೋನು ಕೈಗೆ ಸಿಕ್ಕಿತು. ಸಿಕ್ಕ ಗುಂಡಿ ಒತ್ತಿದರು. ಕೂಗೇನೋ ನಿಂತಿತು, ಫೋನು ಪೂರ್ತಿ ಎಚ್ಚರವಾಯಿತು. ಎಚ್ಚರವಾದದ್ದೇ ತಡ, ಮೈಸೂರಿನ ಅಕ್ಕನ ಕರೆ.

ಅಕ್ಕ ಎಂದರೆ ಹತ್ತು ವರ್ಷ ದೊಡ್ಡವಳು. ಅಕ್ಕನ ಫೋನನ್ನು ಕಟ್ ಮಾಡುವುದು, ಬಾಗಿಲಿಗೆ ಬಂದವಳ ಮುಖದ ಮೇಲೆ ಕದ ಹಾಕುವುದು, ಎರಡೂ ಅವರಿಗೆ ಒಂದೇ. ಬೆರಳು ತಾನಾಗಿ ಹಸಿರು ಗುಂಡಿ ಒತ್ತಿಬಿಟ್ಟಿತು.

"ಪುಟ್ಟೀ, ಎಲ್ಲಿದೀಯೇ? ಹೋಳಿಗೆಗೆ ಬೇಳೆ ಎಷ್ಟು ಹಾಕ್ಸಲೇ?" ಎಂದು ಅಕ್ಕ ಶುರುಮಾಡಿದಳು.

"ಮ್ಯಾಮ್, ಫೋನ್ ಆಫ್ ಮಾಡಿ." ಸೀಟುಗಳನ್ನು ಹಿಡಿದುಕೊಂಡು ಮೌನ ಬಂದು ನಿಂತಿದ್ದಳು.

"ಮೇಡಮ್ಮಾರೇ, ನಮ್ಮಕ್ಕ ಕಣಮ್ಮ, ದೊಡ್ಡೋಳು. ಒಂದೇ ಒಂದ್ ಮಾತು. ಇಮಾನದಲ್ಲಿದೀನಿ ಅಂತ ಹೇಳಿ ಇಟ್ಬುಡ್ತೀನಿ" ಎಂದು ಪುಟ್ಟತಾಯಮ್ಮ ಗೋಗರೆದರು. ನಟನೆ ಅಲ್ಲ, ನಿಜವಾಗಿಯೇ ಗೋಗರೆದರು.

ಮೌನಳ ತುಟಿ ಅಲುಗಿತು. ಆ ಅಲುಗುವಿಕೆ ಪುಟ್ಟತಾಯಮ್ಮನಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು; ಅದರ ಹಿಂದೆಯೇ "ಆಯ್ತು" ಬರುತ್ತದೆ. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಪುಸ್ತಕದ ಹಾಳೆ ತಿರುವಿದ ಸದ್ದಾಯಿತು. ತಾನು ಮಾಡುತ್ತಿರುವುದು ಏನು ಎಂದು ಪುಟ್ಟತಾಯಮ್ಮನಿಗೆ ಆಗ ಹೊಳೆಯಿತು. ಅಯ್ಯೋ ಪಾಪಿ, ನೀನೇ ಮಗುವಿನ ಬಾಯಿಗೆ ಮಣ್ಣು ಹಾಕುತ್ತಿದ್ದೀಯಲ್ಲೇ! ಅನ್ನಬೇಡ ಕಂದ, ಆಯ್ತು ಅನ್ನಬೇಡ ಎಂದು ಮನಸ್ಸು ಕೂಗಿತು. ಕೈ ಮಾತ್ರ ಫೋನನ್ನು ಕಿವಿಯಿಂದ ಇಳಿಸಲಿಲ್ಲ.

ಮೌನ ತುಟಿ ಬಿಗಿದಳು. ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಬೇಡ ಮ್ಯಾಮ್. ಒಂದು ಮಾತೂ ಬೇಡ. ಫೋನ್ ಈಗಲೇ ಕೊಡಿ."

ಧ್ವನಿ ಏರಲಿಲ್ಲ. ಚಾಚಿದ ಕೈ ಹಿಂದೆ ಸರಿಯಲಿಲ್ಲ. ಪುಟ್ಟತಾಯಮ್ಮನ ಕೆನ್ನೆ ಬಿಸಿಯಾಯಿತು. ಗಂಡ ಬದುಕಿದ್ದಾಗ ಇವರಿಗೆ ಬೇಡ ಎಂದಿರಲಿಲ್ಲ, ಮಗ ಎಂದಿಲ್ಲ, ಸೊಸೆಯಂತೂ ಎಂದೇ ಇಲ್ಲ. ಅವರು ತೆಪ್ಪಗೆ ಫೋನು ಕೊಟ್ಟರು.

ಮೌನ ಅಕ್ಕನ ಹೋಳಿಗೆಯನ್ನು ಅರ್ಧಕ್ಕೇ ಕಟ್ ಮಾಡಿ, ಆಫ್ ಮಾಡಿ, ರಬ್ಬರ್ ಬ್ಯಾಂಡು ಸರಿಸಿ, ಮುಚ್ಚಳ ತೆಗೆದು ಬ್ಯಾಟರಿಯನ್ನೇ ಹೊರಗೆ ಕಿತ್ತಳು. ಬ್ಯಾಟರಿಯನ್ನು ಸಂಚಿಗೆ ಹಾಕಿಕೊಳ್ಳಲು ಪುಟ್ಟತಾಯಮ್ಮ ಕೈ ಚಾಚಿದರೆ ಅದಕ್ಕೂ ಅಡ್ಡ.

"ಚಿಲ್ಲರೆ ಇರೋ ಚೀಲಕ್ಕೆ ಹಾಕ್ಬೇಡಿ ಮ್ಯಾಮ್. ಕಾಸು ತಾಗಿದ್ರೆ ಬಿಸಿಯಾಗಿ ಹೊಗೆ ಬರುತ್ತೆ" ಎಂದು ಬ್ಯಾಟರಿಯನ್ನು ಕಾಗದದಲ್ಲಿ ಸುತ್ತಿ ಫೋನಿನಿಂದ ಬೇರೆಯಾಗಿ ಮುಂದಿನ ಸೀಟಿನ ಜೇಬಿನಲ್ಲಿಟ್ಟಳು. "ಏರೋವಾಗ, ಇಳಿಯೋವಾಗ ಫೋನಿನ ಗರಗರ ಸದ್ದು ಪೈಲಟ್ ಕಿವಿಗೆ ಬರಬಾರದು ಮ್ಯಾಮ್. ಏನಾದ್ರೂ ಆದ್ರೆ ನಾವು ಹೇಳೋದು ನಿಮ್ಮ ಕಿವಿಗೆ ಬೀಳ್ಬೇಕು. ಎಪ್ಪತ್ತು ಜನ ಇದೀವಿ. ಥ್ಯಾಂಕ್ಯೂ." ಬೆಲ್ಟನ್ನು ಒಮ್ಮೆ ಎಳೆದು ನೋಡಿ ಹೋಗಿ ತನ್ನ ಸೀಟಿನಲ್ಲಿ ಕೂತಳು.

ಪುಟ್ಟತಾಯಮ್ಮನಿಗೆ ಅವಮಾನವೂ ಆಗಿತ್ತು, ಎದ್ದು ಕುಣಿಯುವಷ್ಟು ಖುಷಿಯೂ ಆಗಿತ್ತು. ಯಾವುದು ಎಷ್ಟು ಎಂದು ಅವರಿಗೇ ತಿಳಿಯಲಿಲ್ಲ.

"ಪಾಟಿ, ಅಲಾರಂ ವಾಯ್ಸು, ಇಂದ ಅಕ್ಕಾ ವಾಯ್ಸು, ಒರೇ ಮಾದಿರಿ ಇರುಕ್ಕೇ?" ಎಂದು ವೀಕ್ಷಾ ಹುಬ್ಬೇರಿಸಿದಳು. ಎರಡೂ ಧ್ವನಿ ಒಂದೇ ಥರ ಇದೆಯಲ್ಲ ಎಂದು ಅವಳ ಅನುಮಾನ.

"ಈಗಿನ ಹುಡುಗೀರ ಗಂಟಲೆಲ್ಲ ಒಂದೇ ಥರ ಬುಡು" ಎಂದುಬಿಟ್ಟರು ಪುಟ್ಟತಾಯಮ್ಮ.

ಆಮೇಲೆ ವಿಮಾನ ಓಡಿತು, ಓಡಿತು, ನೆಲ ಕೆಳಗೆ ಉಳಿಯಿತು. ವೀಕ್ಷಾ ಹಿಂದಕ್ಕೆ ಒರಗಿ ಕಿಟಕಿ ಬಿಟ್ಟುಕೊಟ್ಟಳು. ಬಗ್ಗಿ ನೋಡಿದರೆ ಬಿಸಿಲಿಗೆ ಮಿರಮಿರ ಮಿನುಗುವ ಸಮುದ್ರ, ಬೆಂಕಿಪೊಟ್ಟಣದಷ್ಟು ಮನೆಗಳು. "ಅಪ್ಪಾ ಮುರುಗಾ, ನಮ್ಮನೆ ಮಾಳಿಗೆ ಮೇಲೆ ಹಪ್ಪಳ ಒಣಗಾಕಿದ್ನಲ್ಲ, ಕಾಣ್ತದಾ?" ಎಂದು ಅವರು ಕೇಳಿದ್ದಕ್ಕೆ ಸುತ್ತಲಿನವರೆಲ್ಲ ನಕ್ಕರು. ಅವರೂ ಮಗುವಿನ ಹಾಗೆ ನಕ್ಕರು.

ನಗು ಇನ್ನೂ ಮುಗಿದಿರಲಿಲ್ಲ, ಗುಣವತಿ ಮೇಡಂ ಎದ್ದು ಬಂದು ಪಕ್ಕದಲ್ಲಿ ಬಗ್ಗಿದರು. ಕೈಯಲ್ಲಿ ಪುಸ್ತಕ, ಪೆನ್ನು. "ಪಾಟಿ, ಅಂದ ಪೊಣ್ಣು ಎಪ್ಪಡಿ?" ಎಂದರು. ಆ ಹುಡುಗಿ ಹೇಗೆ ಎಂದು.

ಪುಟ್ಟತಾಯಮ್ಮನ ತಲೆ ಗಿರಗಿರನೆ ಕೆಲಸ ಮಾಡಿತು. ಹೊಗಳಿದರೆ ಕೆಟ್ಟೆ. ಯಾರಾದರೂ ಹೊರಗಿನವಳು, ತುಂಬಿದ ಜನರೆದುರು ಫೋನು ಕಿತ್ತುಕೊಂಡವಳನ್ನು ಹೊಗಳುತ್ತಾಳೆಯೇ? ಹೊಗಳಿದ ತಕ್ಷಣ ಮನೆಯವಳೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ವಡಪಳನಿ ಮಾರ್ಕೆಟಿನಲ್ಲಿ ಕಲಿತ ತಮಿಳಿಗೆ ಮಂಡ್ಯದ ಕನ್ನಡ ಬೆರೆಸಿ ಶುರುಮಾಡಿದರು. ಅಂದ ಪೊಣ್ಣಾ? ಪೆರಿಯವಂಗ, ದೊಡ್ಡವರು ಅನ್ನುವ ಮರ್ಯಾದೆ ಒಂಚೂರೂ ಇಲ್ಲೆ! ಒಡಹುಟ್ಟಿದ ಅಕ್ಕನ ಹತ್ತಿರ ಒರು ವಾರ್ತೆ ಕೂಡ ಪೇಸ ವಿಡಲೆ, ಒಂದು ಮಾತೂ ಆಡಲು ಬಿಡಲಿಲ್ಲ! ಕೈ ಮುಗಿದು ಕೇಳಿದರೂ ಕರಗಲಿಲ್ಲ, ಕಲ್ಲು ಮನಸ್ಸು. ಫೋನಿನ ಹೊಟ್ಟೆ ಬಗೆದು ಬ್ಯಾಟರಿ ಕಿತ್ತಳು. ಅದನ್ನು ನನ್ನ ಸಂಚಿಗೆ ಹಾಕಿಕೊಳ್ಳಲೂ ಬಿಡಲಿಲ್ಲ!

"ಒಂದು ಮಾತೂ ಆಡೋಕೆ ಬಿಡಲಿಲ್ವಾ?" ಎಂದು ತಮಿಳಿನಲ್ಲೇ ಇನ್ನೊಮ್ಮೆ ಕೇಳಿದರು ಗುಣವತಿ.

"ಒಂದೂ ಇಲ್ಲೆ!"

ಗುಣವತಿ ಅಷ್ಟನ್ನೂ ಬರೆದುಕೊಂಡು, ನನ್ರಿ ಎಂದು ತಮಿಳಿನಲ್ಲಿ ಥ್ಯಾಂಕ್ಸ್ ಹೇಳಿ ಹೋದರು. ಪುಟ್ಟತಾಯಮ್ಮ ಯುದ್ಧ ಗೆದ್ದವರ ಹಾಗೆ ಹಿಂದಕ್ಕೆ ಒರಗಿದರು.

"ಅಯ್ಯೋ ಪಾಟಿ!" ಎಂದು ವೀಕ್ಷಾ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. "ಕಂಪ್ಲೇಂಟ್ ಕೊಟ್ಬಿಟ್ರಾ? ಪಾವಂ ಅಂದ ಅಕ್ಕಾ. ವೇಲೆ ಪೋಯಿಡುಮೇ!" ಪಾಪ, ಅವಳ ಕೆಲಸವೇ ಹೋಗಿಬಿಡುತ್ತದಲ್ಲ ಎಂದು ಅವಳಿಗೆ ಅಳುವೇ ಬಂದಿತ್ತು. ಗಾಬರಿಯಲ್ಲಿ ಬಾಯಿಂದ ಅರ್ಧ ಕನ್ನಡವೂ ಬಂದುಬಿಟ್ಟಿತ್ತು.

ಪುಟ್ಟತಾಯಮ್ಮ ತಟ್ಟನೆ ನೆಟ್ಟಗೆ ಕೂತರು. ಹೌದಲ್ಲ! ಗುರುತು ಮುಚ್ಚುವ ಭರದಲ್ಲಿ ಇದು ಹೊಳೆಯಲೇ ಇಲ್ಲವಲ್ಲ. ಪ್ರಯಾಣಿಕರು ದೂರು ಕೊಟ್ಟರೆ ಯಾವ ಕಂಪನಿ ಸುಮ್ಮನಿದ್ದೀತು? ಆಗಲೇ ಮೌನ ಎಲ್ಲರಿಗೂ ನೀರು ಕೊಡುತ್ತ ಬಂದಳು. ಮುಖ ಸಣ್ಣದಾಗಿತ್ತು. ಮೇಡಂ ಅಜ್ಜಿಯ ಪಕ್ಕ ಬಗ್ಗಿ ಬರೆದುಕೊಂಡದ್ದನ್ನು ಅವಳೂ ದೂರದಿಂದ ನೋಡಿದ್ದಳು. "ನೀರು, ಮ್ಯಾಮ್" ಎಂದಳು, ಅಷ್ಟೇ. ಪುಟ್ಟತಾಯಮ್ಮ ಲೋಟವನ್ನು ಹಾಗೇ ಹಿಡಿದು ಕೂತರು.

ಎದ್ದು ಹೋಗಿ ಮೇಡಮ್ಮಿಗೆ ನಿಜ ಹೇಳಿಬಿಡೋಣ ಎಂದು ಅವರು ಬೆಲ್ಟು ಬಿಚ್ಚುವಷ್ಟರಲ್ಲಿ ವಿಮಾನ ಕುಲುಕಿತು, ತಲೆಯ ಮೇಲೆ ದೀಪ ಹತ್ತಿತು. ಮೌನ ಅಲ್ಲಿಂದಲೇ ಕೈ ಎತ್ತಿದಳು. "ಮ್ಯಾಮ್, ಏಳ್ಬೇಡಿ. ಕೂತ್ಕೊಳ್ಳಿ." ಇನ್ನು ಕೂರದೆ ವಿಧಿಯೇ? ಉಳಿದ ಅರ್ಧ ಗಂಟೆ ಅವರು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತರು. ಮುರುಗನಿಗೆ ಹಾಲು, ಚಾಮುಂಡಿಗೆ ಸೀರೆ. ದೂರದಲ್ಲಿ ಬೆಟ್ಟ ಕಂಡಾಗ ಸೀರೆಯ ಜೊತೆಗೆ ರವಿಕೆ ಕಣವನ್ನೂ ಸೇರಿಸಿದರು.

ವಿಮಾನ ಇಳಿದು ನಿಂತದ್ದೇ ತಡ, ಎಪ್ಪತ್ತು ಫೋನುಗಳೂ ಒಟ್ಟಿಗೆ ಕಿಣಿಕಿಣಿ ಎಂದವು. "ಹಾಂ, ಬಂದೆ", "ಹಾಂ, ಇಳಿದೆ" ಎನ್ನುತ್ತ ಜನ ನುಗ್ಗಿದರು. ಪುಟ್ಟತಾಯಮ್ಮ ಅಲುಗಲಿಲ್ಲ. ವೀಕ್ಷಾ ದಾಟಿಕೊಂಡು ಹೋಗುವಾಗ ಅವರ ಭುಜ ಮುಟ್ಟಿ, ಇರಲಿ ಬಿಡಿ ಪಾಟಿ ಎಂಬಂತೆ ತಲೆಯಾಡಿಸಿದಳು. ವಿಮಾನ ಖಾಲಿಯಾಯಿತು. ಆಗ ಎದ್ದು, ಮಂಡಿನೋವನ್ನೂ ಮರೆತು ಹೋಗಿ ಗುಣವತಿ ಮೇಡಮ್ಮಿನ ಎರಡೂ ಕೈ ಹಿಡಿದುಕೊಂಡರು. ತಮಿಳು ಒಂದಕ್ಷರ ಬಾಯಿಗೆ ಬರಲಿಲ್ಲ. ಹೇಳಿದ್ದೆಲ್ಲ ಕನ್ನಡದಲ್ಲೇ.

"ಅಮ್ಮಾ, ನಾನ್ ಹೇಳಿದ್ದೆಲ್ಲ ಸುಳ್ಳು ಕಣಮ್ಮ. ಅದು ನನ್ ಮೊಮ್ಮಗಳು. ನಾನೇ ಸಾಕಿದ್ದು. ನನ್ ಗುರುತು ಗೊತ್ತಾಗ್ಬಾರ್ದು ಅಂತ ಬೈದೆ. ಫೋನು ಎತ್ತಿದ್ದು ನನ್ ತಪ್ಪು, ಬೇಡ ಅನ್ನೋಕೆ ಕಲಿಸ್ದೆ ಇದ್ದಿದ್ದೂ ನನ್ ತಪ್ಪು. ಬರೆದಿರೋದನ್ನ ಹರಿದಾಕ್ಬುಡಿ. ಮಗೂನ ಮನೆಗ್ ಕಳಿಸ್ಬೇಡಿ." ಕಣ್ಣೀರು ದಳದಳ ಇಳಿಯಿತು. ಮೂರು ಹೆಜ್ಜೆ ಆಚೆ ಮೌನ ಮರದ ಹಾಗೆ ನಿಂತಿದ್ದಳು.

"ಗೊತ್ತಮ್ಮ" ಎಂದರು ಗುಣವತಿ, ಸ್ವಚ್ಛ ಕನ್ನಡದಲ್ಲಿ. "ನಮ್ಮೂರು ಹೊಸೂರು, ಮನೇಲಿ ಕನ್ನಡಾನೇ. ನೀವು ಸಾಕಿದ ಅಜ್ಜಿ ಪುಣ್ಯ ಅಂದಾಗ ಅನುಮಾನ ಬಂತು. ನಿಮ್ಮ ಸಂಚಿ ಇವಳ ಧ್ವನೀಲಿ ಕೂಗಿದಾಗ ಅನುಮಾನಾನೂ ಹೋಯ್ತು."

ಗುಣವತಿ ಪುಸ್ತಕ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಓದಿದರು: "ಕೈ ಮುಗಿದು ಕೇಳಿದರೂ ಕರಗಲಿಲ್ಲ. ಒಂದು ಮಾತೂ ಆಡಲು ಬಿಡಲಿಲ್ಲ. ಬ್ಯಾಟರಿಯನ್ನು ಚಿಲ್ಲರೆಯ ಜೊತೆ ಇಡಲು ಬಿಡಲಿಲ್ಲ." ಓದಿ ತಲೆಯೆತ್ತಿದರು. "ಹೋದ ಸಲ ಇವಳಲ್ಲಿ ಇಲ್ಲ ಅಂತ ನಾನು ಬರೆದಿದ್ದು ಇದನ್ನೇ ಅಲ್ವಾ? ಇದನ್ನ ದೂರು ಅಂತೀರಾ ನೀವು? ಯಾರದೋ ಅಜ್ಜಿಗೆ ಬೇಡ ಅನ್ನೋದು ಯಾರಿಗಾದ್ರೂ ಬರುತ್ತೆ. ಇವಳು ತನ್ನಜ್ಜಿಗೇ ಅಂದ್ಲು. ಇನ್ನು ನಾನು ಪರೀಕ್ಷೆ ಮಾಡೋದು ಏನಿದೆ, ಹೇಳಿ?"

ಎಂದವರೇ ಅಲ್ಲೇ ನಿಂತು ಸಹಿ ಹಾಕಿದರು. ಕೈಚೀಲದಿಂದ ಪುಟ್ಟ ಬೆಳ್ಳಿ ಬಣ್ಣದ ಬಿಲ್ಲೆ ತೆಗೆದು ಮೌನಳ ಎದೆಗೆ ಸಿಕ್ಕಿಸಿದರು. ಮೌನ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ, ಕಣ್ಣಿನ ಕಾಡಿಗೆಯೆಲ್ಲ ಕೆನ್ನೆಗೆ ಬಂದಿತ್ತು.

"ನನ್ ಬಂಗಾರಾ! ಬಾರೇ ಇಲ್ಲಿ, ದೃಷ್ಟಿ ತೆಗೀತೀನಿ, ಆ ಮೆಟ್ಟಿಲ ಹತ್ರ ಒಂಚೂರು ಮಣ್ಣು ಸಿಗ್ತದಾ ನೋಡು. ತಡಿ, ಮೊದ್ಲು ಅಕ್ಕಂಗೆ ಫೋನ್ ಮಾಡ್ತೀನಿ, ಆ ಬ್ಯಾಟ್ರಿ ಹಾಕ್ಕೊಡು, ನೀನೂ ಎರಡ್ ಮಾತಾಡು" ಎಂದು ಪುಟ್ಟತಾಯಮ್ಮ ಎರಡೂ ತೋಳು ಚಾಚಿ ದಾರಿಗೆ ಅಡ್ಡ ನಿಂತರು.

ಕೆಳಗೆ ಚೆನ್ನೈಗೆ ಹೋಗುವವರು ಸಾಲಾಗಿ ಬಂದಾಗಿತ್ತು. ಕಸಗುಡಿಸುವವರು ಪೊರಕೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಮೌನ ಅಂಗೈಯಲ್ಲಿ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು.

"ಬೇಡ ಅಜ್ಜಿ. ಈಗ ಬೇಡ. ಪ್ಲೇನ್ ಹೊರಡ್ಬೇಕು. ಮೊದ್ಲು ಕೆಳಗಿಳಿ."

ಪುಟ್ಟತಾಯಮ್ಮ ಚಾಚಿದ ತೋಳು ಇಳಿಸಿದರು. ಆಮೇಲೆ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ನೋಡಿದ್ರಾ ಮೇಡಂ? ನೋಡಿದ್ರಾ!" ಎಂದು ಗುಣವತಿಗೆ ಹೇಳಿ, ಫೋನು ಒಂದು ಕೈಯಲ್ಲಿ, ಬ್ಯಾಟರಿ ಇನ್ನೊಂದು ಕೈಯಲ್ಲಿ ಹಿಡಿದು, ಸೆರಗು ಹೊದ್ದು, ಒಂದೊಂದೇ ಮೆಟ್ಟಿಲು ಇಳಿದರು. ಇಳಿಯುತ್ತ ಪೊರಕೆಯವನಿಗೆ ಹೇಳಿದರು, ಪೆಟ್ಟಿಗೆ ಇಳಿಸುವವನಿಗೆ ಹೇಳಿದರು, ಕೆಳಗೆ ಸಾಲಿನಲ್ಲಿ ನಿಂತಿದ್ದ ಗುರುತು ಪರಿಚಯವಿಲ್ಲದ ಅಷ್ಟೂ ಜನಕ್ಕೆ ಕೇಳುವ ಹಾಗೆ ಹೇಳಿದರು: "ಮೇಲೆ ಬಾಗಿಲಲ್ಲಿ ನಿಂತೈತಲ್ಲ, ಅದು ನನ್ ಮೊಮ್ಮಗಳು ಕಣ್ರಪ್ಪಾ! ನಂಗೇ ಬೇಡ ಅಂದ್ಲು!"